'ಇದೆ' ಎನ್ನುವ ಪುಸ್ತಕ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ವಿದ್ಯಾರ್ಥಿಗಳು ಹೆಸರು ಹಾಕದೆ ಬರೆಯುವ ಇನ್‌ಸ್ಟಾಗ್ರಾಮ್ ಪುಟಗಳಲ್ಲಿ ಪ್ರೀತಿ, ಪರೀಕ್ಷೆ, ಕ್ಯಾಂಟೀನಿನ ಚಹಾದ ನಡುವೆ ಲೈಬ್ರರಿಯ ಬಗ್ಗೆಯೂ ಒಂದು ಸಾಲು ಬಂದಿರುತ್ತದೆ. "ಕಂಪ್ಯೂಟರಲ್ಲಿ ಪುಸ್ತಕ ಇದೆ ಅಂತ ತೋರಿಸ್ತದೆ, ಕಪಾಟಲ್ಲಿ ಇಲ್ಲ. ಅರ್ಧ ಗಂಟೆ ಹಾಳು." ಇದನ್ನು ಕೌಂಟರಿಗೆ ಬಂದು ಹೇಳುವವರು ಕಡಿಮೆ. ನಾಳೆ ನೋ ಡ್ಯೂ, ಅಂದರೆ ಬಾಕಿ ಏನೂ ಇಲ್ಲ ಎನ್ನುವ ಸಹಿಗೆ ಅದೇ ಕೌಂಟರಿನ ಮುಂದೆ ನಿಲ್ಲಬೇಕಲ್ಲ ಎಂಬ ಅಳುಕು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಲೈಬ್ರರಿಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು 'ಓದುಗರ ಸಮಯ ಉಳಿಸಿ'. ಆ ಅರ್ಧ ಗಂಟೆಯ ದೂರು ನೇರವಾಗಿ ಅದಕ್ಕೇ ಸೇರಿದ್ದು. ಬರೆದವರು ಯಾರೆಂದು ಹುಡುಕಲು ಹೊರಟರೆ ಕೆಲಸ ಅಲ್ಲಿಗೇ ಕೆಟ್ಟಿತು, ಮುಂದೆ ಯಾರೂ ಬರೆಯುವುದಿಲ್ಲ. ಹುಡುಕಬೇಕಾದದ್ದು ಪುಸ್ತಕವನ್ನು.

ವಾರಕ್ಕೊಮ್ಮೆ ಲೈಬ್ರರಿ ಸಿಬ್ಬಂದಿಯಲ್ಲಿ ಒಬ್ಬರು ಕೂತು ಆ ಪುಟಗಳಲ್ಲಿ ಬಂದ ಲೈಬ್ರರಿಯ ಮಾತನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ: ತಾರೀಖು, ದೂರು, ಯಾವ ವಿಭಾಗದ್ದು. ಖಾತೆಯ ಹೆಸರು ಬೇಡ. ಸ್ಕ್ರೀನ್‌ಶಾಟ್ ತೆಗೆದು ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ. ಲೈಕುಗಳನ್ನೂ ನಂಬಬೇಡಿ, ಒಬ್ಬರೇ ಸಿಟ್ಟಿನಲ್ಲಿ ಹತ್ತು ಸಲ ಬರೆದಿರಬಹುದು.

ಆಮೇಲೆ, ದೂರು ಬಂದ ವಿಷಯದ್ದೇ 50 ಪುಸ್ತಕ ಆರಿಸಿ. ಕ್ಯಾಟಲಾಗಿನಲ್ಲಿ ಎಲ್ಲವೂ 'ಲಭ್ಯ' ಎಂದಿರಬೇಕು. ಪುಸ್ತಕದ ಬೆನ್ನಿನ ಚೀಟಿಯಲ್ಲಿರುವ, ಕಪಾಟಿನ ಜಾಗ ಹೇಳುವ ಕಾಲ್ ನಂಬರ್ ಹಿಡಿದು, ವಿದ್ಯಾರ್ಥಿ ಹುಡುಕುವ ಹಾಗೆಯೇ ಹೋಗಿ ನೋಡಿ. ಸಿಗದ ಒಂದೊಂದಕ್ಕೂ ಕಾರಣ ಬರೆಯಿರಿ.

ಹೆಚ್ಚಿನವು ಕೌಂಟರಿನ ಹಿಂದಿನ ರಾಶಿಯಲ್ಲೇ ಸಿಗುತ್ತವೆ. ವಾಪಸು ಬಂದು ಸ್ಕ್ಯಾನ್ ಆದ ಕ್ಷಣವೇ ಕಂಪ್ಯೂಟರು 'ಲಭ್ಯ' ಎಂದುಬಿಡುತ್ತದೆ, ಪುಸ್ತಕ ಕಪಾಟು ಸೇರುವುದು ಮರುದಿನ. ಲೈಬ್ರರಿ ಲೆಕ್ಕ ಇಡುವ ಕೋಹಾ ತಂತ್ರಾಂಶ ಇದ್ದವರು, ವಾಪಸಾದದ್ದು ಇನ್ನೂ ತಳ್ಳುಗಾಡಿಯಲ್ಲಿದೆ ಎಂದು ತೋರಿಸುವ ಸೆಟ್ಟಿಂಗ್ ಹಾಕಿಕೊಳ್ಳಬಹುದು. ಅದಕ್ಕಿಂತ ಮುಖ್ಯ, ದಿನಕ್ಕೆರಡು ಸಲ ಆ ರಾಶಿ ಖಾಲಿಯಾಗಬೇಕು.

ಇನ್ನು ಕೆಲವು ಅಂಕಿ ತಪ್ಪಿ ಹೋದವು. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ 531 ಬಲವಿಜ್ಞಾನ, 513 ಅಂಕಗಣಿತ. ಬೆನ್ನಿನ ಚೀಟಿ ಮಾಸಿದ್ದರೆ ಒಂದು ಇನ್ನೊಂದರ ಸಾಲಿಗೆ ಸೇರಿ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ದಿನಕ್ಕೊಂದು ರ್‍ಯಾಕಿನಂತೆ ನಂಬರ್ ಓದುತ್ತ ಸರಿಪಡಿಸುವುದೇ ಇದಕ್ಕೆ ದಾರಿ.

ಮತ್ತೊಂದು ಕಾರಣ ನಮ್ಮ ಕರಾವಳಿಯ ಮಳೆಗಾಲ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ನಿಂತರೆ ಬೂಸ್ಟು ಹಿಡಿಯುತ್ತದೆ. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದರದ್ದೇ ಕಾಟ. ಗೋಡೆಗೆ ತಾಗಿದ ಕಪಾಟಿನಲ್ಲಿ ಮೊದಲು ಕಾಣುತ್ತದೆ, ರಟ್ಟಿನ ಮೇಲೆ ಅಕ್ಕಿಹಿಟ್ಟು ಉದುರಿದ ಹಾಗೆ. ಅಂಥವನ್ನು ತೆಗೆದು ಬೇರೆ ಕೋಣೆಯಲ್ಲಿ ಹಾಳೆ ಬಿಡಿಸಿ ನಿಲ್ಲಿಸುವುದು ಸರಿ. ಫ್ಯಾನಿನ ಗಾಳಿ ಮಾತ್ರ ನೇರ ಬೀಳಬಾರದು, ಪುಡಿ ಹಾರಿ ಪಕ್ಕದ ಪುಸ್ತಕಕ್ಕೂ ಹತ್ತುತ್ತದೆ. ಆದರೆ ಈ ಓಡಾಟದಲ್ಲಿ ಕಂಪ್ಯೂಟರಿನಲ್ಲಿ 'ಲಭ್ಯ' ಎನ್ನುವುದನ್ನು ಬದಲಾಯಿಸಲು ಮರೆಯುತ್ತದೆ. ಬೈಂಡಿಂಗಿಗೆ ಹೋದವುಗಳದೂ ಇದೇ ಪಾಡು. ಪುಸ್ತಕ ಕಪಾಟಿನಿಂದ ಇಳಿದ ಕೂಡಲೇ ಸ್ಥಿತಿ ಬದಲಾಗಬೇಕು, ಸಂಜೆಗೆಂದು ಇಟ್ಟುಕೊಳ್ಳಬೇಡಿ.

ಆ ಪುಟದ ದೂರಿಗೆ ಕೊಡುವ ಉತ್ತರ ಚಿಕ್ಕದಿರಲಿ: "ವಾಪಸಾದ ಪುಸ್ತಕಗಳು ಇನ್ನು ಮೇಲೆ ಬೆಳಿಗ್ಗೆ 10ಕ್ಕೆ ಮತ್ತು ಮಧ್ಯಾಹ್ನ 2ಕ್ಕೆ ಕಪಾಟಿಗೆ ಬರುತ್ತವೆ." ಅದನ್ನು ನೋಟಿಸ್ ಬೋರ್ಡಿಗೂ ಹಾಕಿ, ಏಕೆಂದರೆ ಆ ಪುಟ ನೋಡದವರೂ ಇದ್ದಾರೆ. ಸಂಜೆಯ ಬಸ್ಸು ಹಿಡಿಯಲು ಓಡುವ ಹಳ್ಳಿಯ ಮಕ್ಕಳಿಗಾಗಿ ಒಂದು ಚೀಟಿ ಪೆಟ್ಟಿಗೆ ಇರಲಿ, ಕೌಂಟರಿನಿಂದ ಕಾಣದ ಕಡೆ, ಹೊರಬಾಗಿಲ ಹತ್ತಿರ.

ತಿಂಗಳು ಕಳೆದ ಮೇಲೆ ಬೇರೆ 50 ಪುಸ್ತಕಗಳ ಪಟ್ಟಿ ಹಿಡಿದು ಮತ್ತೆ ಕಪಾಟಿಗೆ ಹೋಗಿ. ಸಿಗದವು ಎಷ್ಟು ಎಂದು ಅದೇ ನೋಟ್‌ಬುಕ್ಕಿನಲ್ಲಿ, ಹಳೆಯ ಲೆಕ್ಕದ ಪಕ್ಕದಲ್ಲೇ ಬರೆಯಿರಿ.

ನಮಸ್ಕಾರ.