ಗುಳೆ ಹೋದವರು ಕಂಪನಿ ಬಿಟ್ಟವರಲ್ಲ: ಟೆಲಿಕಾಂ ಲೆಕ್ಕದೊಳಗಿನ ಕೊಪ್ಪಳ

[ದೃಶ್ಯ: ಕೊಪ್ಪಳ ಜಿಲ್ಲೆಯ ನಕ್ಷೆ. ಕುಷ್ಟಗಿ, ಯಲಬುರ್ಗಾ ಭಾಗದ ಟವರ್‌ ಚುಕ್ಕೆಗಳು ಒಂದೊಂದಾಗಿ ಮಂಕಾಗುತ್ತವೆ.]

ನಮಸ್ಕಾರ. ರಾಶಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ಹಳ್ಳಿಗಳಿಂದ ದುಡಿಯುವವರು ಬೆಂಗಳೂರು, ಮಂಗಳೂರು, ಗೋವಾ ಎಂದು ಗುಳೆ ಹೊರಡುತ್ತಾರೆ. ಅದೇ ವಾರ ಮೊಬೈಲ್ ಕಂಪನಿಯ ಪರದೆಯ ಮೇಲೆ ಆ ಹಳ್ಳಿಗಳ ಟವರ್‌ಗಳಲ್ಲಿ ಕರೆಗಳು ಕುಸಿಯುತ್ತವೆ, ಅಂಗಡಿಗಳಲ್ಲಿ ರೀಚಾರ್ಜ್ ಇಳಿಯುತ್ತದೆ. ಅವಸರದಲ್ಲಿ ಓದಿದವರಿಗೆ ಕಾಣುವುದು ಒಂದೇ: ಗ್ರಾಹಕರು ಎದುರಾಳಿ ಕಂಪನಿಗೆ ಹೋದರು! ಕೂಡಲೇ ರಿಯಾಯಿತಿಯ ಸಂದೇಶಗಳು ಹೊರಡುತ್ತವೆ. ಬಿಟ್ಟು ಹೋಗದವರನ್ನು ಉಳಿಸಿಕೊಳ್ಳಲು ಹಣ ಖರ್ಚಾಗುತ್ತದೆ.

ಬಿಗ್ ಡೇಟಾ, ಅಂದರೆ ರಾಶಿಗಟ್ಟಲೆ ದಾಖಲೆಗಳ ವಿಶ್ಲೇಷಣೆಯಿಂದ ಟೆಲಿಕಾಂ ಕಂಪನಿಗೆ ಲಾಭ ಹೇಗೆ ಎಂಬುದು ಇಂದಿನ ವಿಷಯ. ನಷ್ಟವಾಗುವುದು ಹೇಗೆ ಎಂಬುದನ್ನೂ ನೋಡೋಣ. ನನಗೆ ಅದೇ ಹೆಚ್ಚು ಕುತೂಹಲದ ಭಾಗ.

[ಪರದೆಯ ಮೇಲೆ, ಮಾದರಿ ಸಾಲು: ಕರೆ ಮಾಡಿದ ಸಂಖ್ಯೆ | ಸ್ವೀಕರಿಸಿದ ಸಂಖ್ಯೆ | ಸಂಜೆ 7.42 | 3 ನಿಮಿಷ 10 ಸೆಕೆಂಡ್ | ಟವರ್: ತಾವರಗೇರಾ]

ನೀವು ಒಂದು ಕರೆ ಮಾಡಿದರೆ ಕಂಪನಿಯಲ್ಲಿ ಇಂಥ ಒಂದು ಸಾಲು ಹುಟ್ಟುತ್ತದೆ. ಇದಕ್ಕೆ ಸಿಡಿಆರ್ ಎನ್ನುತ್ತಾರೆ, ಅಂದರೆ ಕರೆ ವಿವರ ದಾಖಲೆ. ನೀವು ಮಾತನಾಡಿದ್ದೇನು ಎಂಬುದು ಇದರಲ್ಲಿ ಇರುವುದಿಲ್ಲ. ಯಾರು, ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್‌ನಿಂದ ಎಂಬುದಷ್ಟೇ ಇರುತ್ತದೆ. ಈ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರಲ್ಲಿ ಸರ್ಕಾರ ಪರವಾನಗಿಯ ಷರತ್ತು ತಿದ್ದಿತು. ನೂರು ಕೋಟಿಗೂ ಮಿಕ್ಕ ಮೊಬೈಲ್ ಸಂಪರ್ಕಗಳಿರುವ ದೇಶದಲ್ಲಿ ಇವು ಯಾವ ಎಕ್ಸೆಲ್ ಹಾಳೆಗೂ ಹಿಡಿಸುವುದಿಲ್ಲ. ನೂರಾರು ಕಂಪ್ಯೂಟರ್‌ಗಳಿಗೆ ಕೆಲಸ ಹಂಚಿಕೊಡುವ ಹಡೂಪ್, ಸ್ಪಾರ್ಕ್‌ನಂಥ ತಂತ್ರಾಂಶಗಳು ಬೇಕಾಗುವುದು ಇದಕ್ಕೇ.

ಈಗ ಕಂಪನಿಗಳ ತಲೆನೋವಿಗೆ ಬರೋಣ. 2011ರ ಜನವರಿ 20ರಿಂದ ದೇಶದಾದ್ಯಂತ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯವಿದೆ. 1900ಕ್ಕೆ ಒಂದು ಸಂದೇಶ ಕಳಿಸಿದರೆ ಕೆಲಸ ಆರಂಭ. ಆ ಸಂದೇಶ ಬಂದ ಮೇಲೆ ಎಚ್ಚೆತ್ತು ಫಲವಿಲ್ಲ. ಹಾಗಾಗಿ ಹಿಂದೆ ಬಿಟ್ಟು ಹೋದವರು ಹೋಗುವ ಮುಂಚೆ ಏನು ಮಾಡಿದ್ದರು ಎಂದು ಯಂತ್ರಕ್ಕೆ ಕಲಿಸುತ್ತಾರೆ: ರೀಚಾರ್ಜ್ ತಡವಾಯಿತೇ, ಹೊರಹೋಗುವ ಕರೆ ಕಡಿಮೆಯಾಯಿತೇ, ಕರೆಗಳು ನಡುವೆ ಕಡಿದು ಹೋಗುತ್ತಿದ್ದವೇ, ದೂರು ಕೊಟ್ಟು ಸುಮ್ಮನಾದರೇ. ಈ ಗುರುತುಗಳಿಂದ ಪ್ರತಿ ಗ್ರಾಹಕನಿಗೂ ಒಂದು ಅಂಕ ಸಿಗುತ್ತದೆ. ಅಂಕ ಏರಿದಷ್ಟೂ ಅವನು ಬಿಡುವ ಸಾಧ್ಯತೆ ಹೆಚ್ಚು.

ಗುಳೆ ಹೋದ ಗೌಂಡಿಯೊಬ್ಬನನ್ನು ಊಹಿಸಿಕೊಳ್ಳಿ. ಊರಿನ ಟವರ್‌ನಲ್ಲಿ ಅವನಿಲ್ಲ, ಊರಿನ ಅಂಗಡಿಯಲ್ಲಿ ರೀಚಾರ್ಜ್ ಇಲ್ಲ. ಟವರ್‌ವಾರು ಲೆಕ್ಕದಲ್ಲಿ ಅವನು ಕಳೆದುಹೋದ ಗ್ರಾಹಕ. ಆದರೆ ಅದೇ ಸಿಮ್ ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ಟವರ್‌ನಲ್ಲಿದೆ, ರಾತ್ರಿ ಊಟವಾದ ಮೇಲೆ ತಾವರಗೇರಾದ ಅದೇ ಎರಡು ಸಂಖ್ಯೆಗಳಿಗೆ ಕರೆ ಹೋಗುತ್ತಿದೆ. ಟವರ್ ಬಿಟ್ಟು ಸಿಮ್ ಹಿಡಿದು ನೋಡಿದರೆ ಇವನಷ್ಟು ಗಟ್ಟಿಯಾದ ಗ್ರಾಹಕ ಇನ್ನೊಬ್ಬನಿಲ್ಲ. ಮನೆಗೆ ಗೊತ್ತಿರುವ ಸಂಖ್ಯೆಯನ್ನು ಅವನು ಕೈಬಿಡುವುದು ಕಷ್ಟ.

[ಪರದೆಯ ಮೇಲೆ: ಮೊಹರಂ — 2024: ಜುಲೈ 17, 2025: ಜುಲೈ 6. ಯುಗಾದಿ — 2024: ಏಪ್ರಿಲ್ 9, 2025: ಮಾರ್ಚ್ 30.]

ಇವರೆಲ್ಲ ಊರಿಗೆ ಮರಳುವುದು ಯುಗಾದಿಗೆ, ಊರ ಜಾತ್ರೆಗೆ, ನಮ್ಮ ಭಾಗದಲ್ಲಂತೂ ಮೊಹರಂಗೆ. ಅಲಾಯಿ ದೇವರು ಹೊರಡುವಾಗ ಊರಲ್ಲಿ ಇರದಿದ್ದರೆ ಹೇಗೆ! ಕಳೆದ ವರ್ಷದ ಇದೇ ವಾರಕ್ಕೆ ಈ ವರ್ಷದ ಇದೇ ವಾರವನ್ನು ಹೋಲಿಸುವುದು ಕಚೇರಿಗಳ ಮಾಮೂಲಿ ಪದ್ಧತಿ. ಹಬ್ಬದ ದಿನ ಸರಿದಾಗ ಆ ಹೋಲಿಕೆ ಮಕಾಡೆ ಮಲಗುತ್ತದೆ. ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದು ಹಳ್ಳಿಯ ಹುಡುಗನಿಗೂ ಗೊತ್ತು. ಯಂತ್ರಕ್ಕೆ ಯಾರಾದರೂ ಹೇಳಿಕೊಟ್ಟರೆ ಮಾತ್ರ ಗೊತ್ತು.

ಇನ್ನು ನಿಜವಾಗಿ ಬಿಡಲು ಹೊರಟವರು. ಇವರ ದಾಖಲೆ ತೆರೆದರೆ ಎಷ್ಟೋ ಸಲ ಸಂಜೆಯ ಹೊತ್ತು ಒಂದೇ ಟವರ್‌ನಲ್ಲಿ ಕರೆ ಕಡಿದ ಸಾಲುಗಳು ಸಿಗುತ್ತವೆ. ರೋಗ ಟವರ್‌ನದ್ದು. ಕಂಪನಿ ಕೊಡುವುದು ಗ್ರಾಹಕನಿಗೆ 2 ಜಿಬಿ ಉಚಿತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ರಿಯಾಯಿತಿ ಫಲಿಸಿತೇ ಎಂದು ತಿಳಿಯುವ ದಾರಿ ಸರಳವಾಗಿದೆ: ಒಂದೇ ಬಗೆಯ ಗ್ರಾಹಕರಲ್ಲಿ ಚೀಟಿ ಎತ್ತಿದಂತೆ ಅರ್ಧ ಜನರಿಗೆ ಕೊಡಿ, ಇನ್ನರ್ಧ ಜನರಿಗೆ ಕೊಡಬೇಡಿ. ಎರಡು ಗುಂಪಿನಲ್ಲೂ ಅಷ್ಟೇ ಜನ ಉಳಿದರೆ ಕೊಟ್ಟದ್ದು ದಂಡ. ಈ ಪರೀಕ್ಷೆ ಮಾಡದೆ ‘ನಮ್ಮ ಅಂಕದ ಲೆಕ್ಕದಿಂದ ಇಷ್ಟು ಗ್ರಾಹಕರು ಉಳಿದರು’ ಎನ್ನುವ ವರದಿಯನ್ನು ನಾನಂತೂ ನಂಬುವುದಿಲ್ಲ.

ರೀಚಾರ್ಜ್‌ನ ಮಾತು. 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ ಹನ್ನೆರಡಲ್ಲ, 13 ರೀಚಾರ್ಜ್. 30 ದಿನದ ಪ್ಯಾಕ್ ಒಂದಾದರೂ ಇರಲಿ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2022ರ ಜನವರಿಯಲ್ಲಿ ಆದೇಶಿಸಿತು. ಆದರೆ ವಾರಕ್ಕೊಮ್ಮೆ ಬಟವಾಡೆ ಪಡೆಯುವವನಿಗೆ 28 ದಿನವೂ ಒಂದೇ, 30 ದಿನವೂ ಒಂದೇ. ಕೈಯಲ್ಲಿ ದುಡ್ಡು ಇರುವ ಸಂಜೆ ಮುಖ್ಯ. ರೀಚಾರ್ಜ್ ಆದದ್ದು ವಾರದ ಯಾವ ದಿನ, ಯಾವ ಹೊತ್ತು ಎಂದು ನೋಡಿದರೆ ಅದು ತಾನಾಗಿ ಕಾಣುತ್ತದೆ. ನೆನಪಿನ ಸಂದೇಶ ಅವಧಿ ಮುಗಿಯುವ ದಿನದ ಬದಲು ಬಟವಾಡೆಯ ಸಂಜೆ ಹೋದರೆ ಖರ್ಚಿಲ್ಲದೆ ಆದಾಯ.

[ದೃಶ್ಯ: ಕೊಪ್ಪಳದ ಗವಿಮಠದ ಜಾತ್ರೆ, ತೇರು, ಎತ್ತಿ ಹಿಡಿದ ಮೊಬೈಲ್‌ಗಳು.]

ಗವಿಮಠದ ಅಜ್ಜನ ಜಾತ್ರೆಯ ತೇರಿನ ದಿನ ಮೈದಾನದಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ವಿಡಿಯೋ ಹೋಗದಿರಲು ಕಾರಣವಿದೆ. ಜಾಲವನ್ನು ಹೆಚ್ಚಾಗಿ ಡೌನ್‌ಲೋಡ್ ಮಾಡಿ ಇಳಿಸಿಕೊಳ್ಳುವವರಿಗಾಗಿ ಕಟ್ಟಿರುತ್ತಾರೆ. ಇಂಥ ಸಂದಣಿಯಲ್ಲಿ ಎಲ್ಲರೂ ಒಂದೇ ಗಳಿಗೆಯಲ್ಲಿ ಕಳಿಸುವವರು. ಹಿಂದಿನ ಜಾತ್ರೆಯ ದಾಖಲೆ ಇದ್ದರೆ ವಾಹನದ ಮೇಲಿನ ತಾತ್ಕಾಲಿಕ ಟವರ್ ಎಲ್ಲಿ ನಿಲ್ಲಬೇಕು ಎಂಬುದು ತಿಳಿಯುತ್ತದೆ: ತೇರಿನ ಹತ್ತಿರವೋ, ದಾಸೋಹದ ಕಡೆಯೋ, ಬಸ್ ನಿಲ್ದಾಣದ ಬಳಿಯೋ.

ಕರೆಂಟ್ ಹೋದಾಗ ಟವರ್ ನಡೆಸುವ ಜನರೇಟರ್‌ನ ಡೀಸೆಲ್ ಲೆಕ್ಕವೂ ಇದೇ ಜಾತಿಯದು. ಜನರೇಟರ್ ಓಡಿದ ಗಂಟೆಗೂ ತುಂಬಿಸಿದ ಲೀಟರ್‌ಗೂ ತಾಳೆಯಾಗದಿದ್ದರೆ ಎಲ್ಲೋ ಸೋರಿದೆ.

ಕೊನೆಗೆ, ಇದೆಲ್ಲ ನಮ್ಮ ಓಡಾಟದ ದಾಖಲೆ ಎಂಬುದು ನೆನಪಿರಲಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ. ಜಾತ್ರೆಗೆ ಟವರ್ ಇಡಲು ಎಷ್ಟು ಜನ ಎಂಬ ಮೊತ್ತ ಸಾಕು. ಯಾರು ಎಂಬುದು ಬೇಕಿಲ್ಲ. ಗುಳೆಯ ಲೆಕ್ಕದಲ್ಲಿ ಒಬ್ಬೊಬ್ಬರ ಸಿಮ್ ಹಿಡಿದೇ ನೋಡಬೇಕು. ಅಲ್ಲಿ ನಿಜ ಸಂಖ್ಯೆಯ ಜಾಗದಲ್ಲಿ ಗುಪ್ತ ಸಂಕೇತ ಇಡುತ್ತಾರೆ, ಆದರೆ ರಾತ್ರಿ ಎಲ್ಲಿ, ಹಗಲು ಎಲ್ಲಿ ಎಂಬ ಜಾಡಿನಿಂದಲೇ ಮನುಷ್ಯನನ್ನು ಗುರುತಿಸಬಹುದು. ಮುಂದಿನ ವಿಡಿಯೋದಲ್ಲಿ ಅದನ್ನು ಬಿಡಿಸಿ ನೋಡೋಣ.