ಫ್ರಿಜ್ ಮೇಲಿನ ಪಟ್ಟಿ: ಫುಟಿಯಲ್ಲಿ ಪರಿಹಾರ ಕಟ್ಟಿಕೊಡುವವರು ಯಾರು?

ನಮಸ್ಕಾರ ಕೇಳುಗರೇ.

ಅಕ್ಟೋಬರ್ ಬಂತೆಂದರೆ ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಏರುತ್ತದೆ. ಫುಟಿ ಅಂದರೆ ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್, ಅದರ ಕ್ಲಬ್‌ಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯ ಪಟ್ಟಿ ಅದು. ಒಂದರಿಂದ ಹದಿನೆಂಟರವರೆಗೆ ನಂಬರು, ಪಕ್ಕದಲ್ಲಿ ಒಂದೊಂದು ಕ್ಲಬ್ಬಿನ ಹೆಸರು. ಪೆನ್ಸಿಲ್‌ನಲ್ಲೇ ಬರೆಯಬೇಕು, ಯಾಕೆಂದರೆ ಅಳಿಸೋದು ಇದ್ದೇ ಇರುತ್ತದೆ. 2014ರಲ್ಲಿ ಆ ಹಾಳೆ ಬರೆಯುವ ಕೆಲಸ ನನ್ನ ಮಗಳದು. ಆಗ ಅವಳಿಗೆ ಎಂಟು ವರ್ಷ. ಒಂದು ಸಂಜೆ ಸುದ್ದಿ ಬಂತು: ಮೆಲ್ಬರ್ನ್ ಕ್ಲಬ್ಬಿನ ಜೇಮ್ಸ್ ಫ್ರಾಲಿ ಹಾಥಾರ್ನ್ ಕ್ಲಬ್ಬಿಗೆ ಹೋದ, ಅವನನ್ನು ಕಳೆದುಕೊಂಡ ಮೆಲ್ಬರ್ನ್‌ಗೆ ಪರಿಹಾರವಾಗಿ 3ನೇ ಸರದಿ ಸಿಕ್ಕಿತು. ಮಗಳು ಸ್ಟೂಲ್ ಹತ್ತಿ, ರಬ್ಬರ್ ಹಿಡಿದು, ಮೂರರಿಂದ ಕೆಳಗೆ ಇದ್ದ ಹದಿನಾರು ಸಾಲನ್ನೂ ಅಳಿಸಿ, ಎಲ್ಲರ ನಂಬರನ್ನೂ ಒಂದೊಂದು ಹೆಚ್ಚಿಸಿ ಬರೆದಳು. ಬರೆದು ಮುಗಿಸಿ ಕೇಳಿದಳು: "ಅಪ್ಪಾ, ಅವನನ್ನ ಕರಕೊಂಡು ಹೋಗಿದ್ದು ಹಾಥಾರ್ನ್ ಅಲ್ವಾ? ಮತ್ತೆ ನಾನು ಉಳಿದವರದ್ದೆಲ್ಲ ಯಾಕೆ ಅಳಿಸಬೇಕು?"

ಕೇಳುಗರೇ, ಇವತ್ತಿನ ನನ್ನ ಮಾತು ಇಷ್ಟೇ. ಫುಟಿಯಲ್ಲಿ ಪರಿಹಾರ ಕೊಡುವುದು ಆಟಗಾರನನ್ನು ಕರೆದುಕೊಂಡು ಹೋದವರಲ್ಲ. ಸಾಲಿನಲ್ಲಿ ಹಿಂದೆ ನಿಂತವರು.

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೆಲ್ಬರ್ನ್‌ನಲ್ಲಿ ಈ ಆಟ ನೋಡುತ್ತಾ ಬಂದಿದ್ದೇನೆ, ಶನಿವಾರ ಭಾನುವಾರ ಮಕ್ಕಳ ತಂಡಕ್ಕೆ ಕೋಚಿಂಗ್ ಮಾಡುತ್ತೇನೆ. ಈಗ ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೊರಟವರು ಕೇಳುತ್ತಿರಬಹುದು. ಊರಿಂದ ಮೊಮ್ಮಕ್ಕಳನ್ನು ನೋಡೋಕೆ ಬಂದಿರುವ ಅಜ್ಜ ಅಜ್ಜಿಯರೂ ಕೇಳುತ್ತಿರಬಹುದು. ಮೊಮ್ಮಗ ಟೀವಿ ಮುಂದೆ "ಪಿಕ್ ತ್ರೀ, ಪಿಕ್ ತ್ರೀ" ಅಂತ ಕುಣಿಯುತ್ತಿದ್ದರೆ ಅದೇನು ಅಂತ ನಿಮಗೂ ಗೊತ್ತಾಗಬೇಕು.

ಎಎಫ್‌ಎಲ್ ಅಂದರೆ ಈ ಆಟದ ರಾಷ್ಟ್ರೀಯ ಲೀಗ್, ಅದರಲ್ಲಿ ಹದಿನೆಂಟು ಕ್ಲಬ್‌ಗಳು. ವರ್ಷದ ಕೊನೆಗೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ ಬರುತ್ತದೆ, ಅದಕ್ಕೆ ಡ್ರಾಫ್ಟ್ ಅಂತಾರೆ. ಕಟ್ಟಕಡೆಯಲ್ಲಿ ನಿಂತ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದ ತಂಡಕ್ಕೆ ಹದಿನೆಂಟನೇ ಸರದಿ. ಆ ಸರದಿಗೇ ಪಿಕ್ ಅನ್ನೋದು. ಸೋತವನಿಗೆ ಮೊದಲು ಊಟ ಬಡಿಸುವ ಪದ್ಧತಿ. ನನಗೆ ಇದು ತುಂಬಾ ಇಷ್ಟ. ಜೊತೆಗೆ ಸ್ಯಾಲರಿ ಕ್ಯಾಪ್ ಇದೆ, ಅಂದರೆ ಆಟಗಾರರ ಸಂಬಳಕ್ಕೆ ಕ್ಲಬ್ ಇಷ್ಟಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ.

ಇನ್ನು ಒಬ್ಬ ಆಟಗಾರ ಕ್ಲಬ್ ಬಿಡುವುದು ಹೇಗೆ? ಎರಡು ದಾರಿ. ಮೊದಲನೆಯದು ಟ್ರೇಡ್. ನೀನು ನಿನ್ನ ಆಟಗಾರನನ್ನು ಕೊಡು, ನಾನು ನನ್ನ ಡ್ರಾಫ್ಟ್ ಸರದಿ ಕೊಡುತ್ತೇನೆ. ಕೊಡು-ಕೊಳ್ಳುವ ವ್ಯವಹಾರ. ಇಲ್ಲಿ ಎರಡೂ ಕ್ಲಬ್ ಒಪ್ಪಬೇಕು, ಆಟಗಾರನೂ ಒಪ್ಪಬೇಕು. ಐಪಿಎಲ್ ಹರಾಜಿನಲ್ಲಿ ಯಾರು ಜಾಸ್ತಿ ಕೂಗಿದರೋ ಅವರ ಕಡೆ ಹೋಗಬೇಕು. ಇಲ್ಲಿ ಹಾಗಲ್ಲ, ಹುಡುಗ ಒಲ್ಲೆ ಅಂದರೆ ಮುಗಿಯಿತು.

ಎರಡನೆಯದು ಫ್ರೀ ಏಜೆನ್ಸಿ. ಇದು ಶುರುವಾದದ್ದು 2012ರಲ್ಲಿ. ಒಂದೇ ಕ್ಲಬ್ಬಿನಲ್ಲಿ ಎಂಟು ವರ್ಷ ದುಡಿದು ಒಪ್ಪಂದ ಮುಗಿದಿದ್ದರೆ, ಆಟಗಾರ ತನಗೆ ಬೇಕಾದ ಕ್ಲಬ್ಬಿಗೆ ಹೋಗಬಹುದು. ಕರೆದುಕೊಂಡವರು ಹಳೆಯ ಕ್ಲಬ್ಬಿಗೆ ಏನೂ ಕೊಡಬೇಕಾಗಿಲ್ಲ. ಕಳೆದುಕೊಂಡ ಕ್ಲಬ್ಬಿಗೆ ಎಎಫ್‌ಎಲ್ ಒಂದು ಹೆಚ್ಚುವರಿ ಸರದಿಯನ್ನು ತಾನೇ ಸೃಷ್ಟಿಸಿ ಕೊಡುತ್ತದೆ. ಆಟಗಾರನಿಗೆ ಹೊಸ ಕಡೆ ಸಿಗುವ ಸಂಬಳ, ಅವನ ವಯಸ್ಸು ನೋಡಿ ಐದು ದರ್ಜೆ ಮಾಡಿದ್ದಾರೆ. ಮೇಲಿನ ದರ್ಜೆ ಆದರೆ, ಆ ಕ್ಲಬ್ಬಿನ ಸ್ವಂತ ಮೊದಲ ಸರದಿಯ ಬೆನ್ನಿಗೇ ಇನ್ನೊಂದು ಸರದಿ.

ಸಾಲಿನ ಮಧ್ಯೆ ಹೊಸದಾಗಿ ಒಬ್ಬನನ್ನು ನಿಲ್ಲಿಸಿದರೆ ಹಿಂದಿನವರು ಏನು ಮಾಡಬೇಕು? ಒಂದು ಹೆಜ್ಜೆ ಹಿಂದೆ ಸರಿಯಬೇಕು. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತವರಿಗೆಲ್ಲ ಇದು ಗೊತ್ತು. ನಮ್ಮಲ್ಲಿ ಗಾದೆಯೇ ಇದೆ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತ.

ಈಗ ಕಥೆಗೆ ಬರುತ್ತೇನೆ. ಲ್ಯಾನ್ಸ್ ಫ್ರಾಂಕ್ಲಿನ್. ಇಲ್ಲಿನವರು ಪ್ರೀತಿಯಿಂದ ಕರೆಯೋದು ಬಡ್ಡಿ ಅಂತ. ಬ್ಯಾಂಕಿನ ಬಡ್ಡಿ ಅಲ್ಲ, ಗೆಳೆಯ ಅನ್ನುವ ಅರ್ಥದ್ದು. ಪಶ್ಚಿಮ ಆಸ್ಟ್ರೇಲಿಯಾದ ನೂಂಗಾರ್ ಸಮುದಾಯದ ಹುಡುಗ. 2004ರ ಡ್ರಾಫ್ಟ್‌ನಲ್ಲಿ 5ನೇ ಸರದಿಯಲ್ಲಿ ಹಾಥಾರ್ನ್ ಆರಿಸಿಕೊಂಡಿತ್ತು. ಎತ್ತರದ ಆಳು, ಎಡಗಾಲಿನ ಒದೆತ. ಚೆಂಡು ಹಿಡಿದು ಹಿಂದಕ್ಕೆ ನಡೆದು, ಗೋಲಿಗೆ ನೇರವಾಗಿ ಓಡದೆ ಬಿಲ್ಲಿನ ಹಾಗೆ ಬಾಗಿದ ದಾರಿಯಲ್ಲಿ ಓಡಿ ಬಂದು ಒದೆಯುತ್ತಿದ್ದ. ಮಕ್ಕಳಿಗೆ ನಾವು ನೇರ ಓಡಿ ಅಂತ ಹೇಳಿಕೊಡುತ್ತೇವೆ, ಅವರು ಬಡ್ಡಿ ಥರ ವಾಲಿಕೊಂಡೇ ಓಡುತ್ತಾರೆ. ನಾನು ತಿದ್ದೋದನ್ನೇ ಬಿಟ್ಟುಬಿಟ್ಟೆ.

ಹಾಥಾರ್ನ್ ಜೊತೆ ಎರಡು ಕಪ್ ಗೆದ್ದ, 2008 ಮತ್ತು 2013. 2013ರ ಫೈನಲ್ ಮುಗಿದು ಕೆಲವೇ ದಿನ ಆಗಿತ್ತು. ಫ್ರಾಂಕ್ಲಿನ್ ಹೊಸ ಕ್ಲಬ್ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಹೋಗುತ್ತಾನೆ ಅಂತ ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಅವನು ಹೋದದ್ದು ಪಕ್ಕದ ಸಿಡ್ನಿ ಸ್ವಾನ್ಸ್‌ಗೆ. ಒಂಬತ್ತು ವರ್ಷದ ಒಪ್ಪಂದ, ಒಂದು ಕೋಟಿ ಡಾಲರ್. ಅವನ ವಯಸ್ಸು ಆಗ 26. ಮೂವತ್ತೈದರವರೆಗೂ ಈ ದೇಹ ತಡೆಯುತ್ತಾ ಅಂತ ಎಲ್ಲರೂ ಕೇಳಿದರು. ಅಷ್ಟು ಉದ್ದದ ಒಪ್ಪಂದದ ಎದುರು ನಿಲ್ಲಲು ಹಾಥಾರ್ನ್ ಹೋಗಲಿಲ್ಲ, ಬಿಟ್ಟುಕೊಟ್ಟಿತು. ಸ್ವಾನ್ಸ್ ಹಾಥಾರ್ನ್‌ಗೆ ಕೊಟ್ಟದ್ದು ಏನು? ಏನೂ ಇಲ್ಲ.

ಹಾಥಾರ್ನ್‌ಗೆ ಎಎಫ್‌ಎಲ್ ಕೊಟ್ಟದ್ದು 19ನೇ ಸರದಿ. ಯಾಕೆ 19? ಅವರು ಕಪ್ ಗೆದ್ದಿದ್ದರು, ಅವರ ಸ್ವಂತ ಸರದಿ 18, ಅದರ ಬೆನ್ನಿಗೆ 19. ಆ ಕಾಲದ ದೇಶದ ಅತಿ ದೊಡ್ಡ ಆಟಗಾರನಿಗೆ 19. ಮರುವರ್ಷವೇ ಫ್ರಾಲಿ ವಿಷಯ. ಫ್ರಾಲಿ ಒಳ್ಳೆಯ ಡಿಫೆಂಡರ್, ನಾನು ಅವನನ್ನು ಕಡಿಮೆ ಮಾಡಿ ಹೇಳುತ್ತಿಲ್ಲ, ಆದರೆ ಫ್ರಾಂಕ್ಲಿನ್ ಅಲ್ಲ. ಅವನು ಬಿಟ್ಟು ಹೋದ ಮೆಲ್ಬರ್ನ್ ಆ ವರ್ಷ ಕೊನೆಯಿಂದ ಎರಡನೆಯದು. ಹಾಗಾಗಿ ಪರಿಹಾರ 3ನೇ ಸರದಿ! ಫ್ರಾಂಕ್ಲಿನ್‌ಗೆ 19, ಫ್ರಾಲಿಗೆ 3. ಬಿಟ್ಟುಹೋದ ಮನೆ ಎಷ್ಟು ಬಡವು ಅನ್ನುವುದರ ಮೇಲೆ ಪರಿಹಾರ ನಿಂತಿದೆ. ಬಡವರಿಗೆ ಸಹಾಯ ಮಾಡೋದು ತಪ್ಪಲ್ಲ. ಆದರೆ ಆ ಸಹಾಯ ಯಾರ ಕೈಯಿಂದ ಬರಬೇಕು? ಆಟಗಾರನನ್ನು ಪಡೆದವರ ಕೈಯಿಂದ ತಾನೇ? ಫ್ರಾಲಿಯನ್ನು ಪಡೆದದ್ದು ಹಾಥಾರ್ನ್, ಆ ವರ್ಷವೂ ಕಪ್ ಗೆದ್ದ ತಂಡ. ಮೂರನೇ ಸರದಿಯಿಂದ ನಾಲ್ಕಕ್ಕೆ ಜಾರಿದ್ದು ಗ್ರೇಟರ್ ವೆಸ್ಟರ್ನ್ ಸಿಡ್ನಿ, ಆ ವರ್ಷ ಕೊನೆಯಿಂದ ಮೂರನೆಯದು. ಬರೀ ಆರು ಪಂದ್ಯ ಗೆದ್ದಿದ್ದ ತಂಡ. ನನ್ನ ಮಗಳ ರಬ್ಬರ್ ಮೊದಲು ಅಳಿಸಿದ್ದು ಅವರ ನಂಬರನ್ನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗೆ.

ಮುಂದೆ ಏನಾಯ್ತು ಕೇಳಿ. ಮೆಲ್ಬರ್ನ್ 2ನೇ ಸರದಿಯಲ್ಲಿ ಕ್ರಿಶ್ಚಿಯನ್ ಪೆಟ್ರಾಕಾನನ್ನು, ಪರಿಹಾರದ 3ನೇ ಸರದಿಯಲ್ಲಿ ಆ್ಯಂಗಸ್ ಬ್ರೇಶಾನನ್ನು ಆರಿಸಿಕೊಂಡಿತು. ಫ್ರಾಲಿ 2015ರಲ್ಲಿ ಹಾಥಾರ್ನ್ ಜೊತೆ ಕಪ್ ಗೆದ್ದ. 2021ರಲ್ಲಿ ಮೆಲ್ಬರ್ನ್ 57 ವರ್ಷದ ಬರಗಾಲ ಮುಗಿಸಿ ಕಪ್ ಎತ್ತಿತು. ಪರ್ತ್‌ನಲ್ಲಿ ನಡೆದ ಆ ಫೈನಲ್‌ನಲ್ಲಿ ಪೆಟ್ರಾಕಾ ಪಂದ್ಯದ ಶ್ರೇಷ್ಠ ಆಟಗಾರ, ಬ್ರೇಶಾ ಕೂಡ ಆಡಿದ. ನನಗೂ ಸಂತೋಷವೇ. 1964ರ ಕಪ್ ನೋಡಿದ್ದ ಮುದುಕರು ಅವತ್ತು ಅತ್ತಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಲೆಕ್ಕ ನೋಡಿ. ಕೊಟ್ಟವರಿಗೂ ಲಾಭ, ತೆಗೆದುಕೊಂಡವರಿಗೂ ಲಾಭ. ಇಬ್ಬರಿಗೂ ಲಾಭ ಆದ ಮೇಲೆ ನಷ್ಟ ಎಲ್ಲೋ ಇರಲೇಬೇಕಲ್ಲ. ಅದು ಸಾಲಿನಲ್ಲಿ ಹಿಂದೆ ನಿಂತವರ ಹತ್ತಿರ ಇದೆ.

ಫ್ರಾಂಕ್ಲಿನ್ ಕಥೆ ಮುಗಿಸಲಿಲ್ಲ ನಾನು. ಸ್ವಾನ್ಸ್ ಜೊತೆ ಮೂರು ಫೈನಲ್ ಆಡಿದ, 2014, 2016, 2022. ಮೂರೂ ಸೋಲು. 2014ರದ್ದು ತನ್ನ ಹಳೆಯ ಹಾಥಾರ್ನ್ ಎದುರೇ, 63 ಅಂಕಗಳ ಸೋಲು. ಅವತ್ತು ಅವನೊಬ್ಬನೇ ನಾಲ್ಕು ಗೋಲು ಹೊಡೆದಿದ್ದ. ಆದರೂ ಒಂಬತ್ತು ವರ್ಷದ ಒಪ್ಪಂದ ಪೂರ್ತಿ ಮುಗಿಸಿದ, ಮೇಲೆ ಇನ್ನೊಂದು ವರ್ಷಕ್ಕೂ ಉಳಿದ. 2022ರ ಮಾರ್ಚ್ 25, ಶುಕ್ರವಾರ ರಾತ್ರಿ, ಸಿಡ್ನಿ ಕ್ರಿಕೆಟ್ ಮೈದಾನ. ಕ್ರಿಕೆಟ್ ನೋಡುವ ನಮಗೆಲ್ಲ ಗೊತ್ತಿರುವ ಅದೇ ಮೈದಾನ. ಸಾವಿರ ಗೋಲಿಗೆ ನಾಲ್ಕು ಬಾಕಿ. ಮೂರು ಆಯಿತು. ಕೊನೆಯ ಕ್ವಾರ್ಟರ್. ಜನ ಆಗಲೇ ಬೇಲಿ ಹತ್ತಿರ ಬಂದು ನಿಂತಿದ್ದಾರೆ, ಮಕ್ಕಳು ಅಪ್ಪನ ಹೆಗಲ ಮೇಲೆ. ಅವನು ಚೆಂಡು ಹಿಡಿದು ಹಿಂದಕ್ಕೆ ನಡೆದ. ಆ ಬಿಲ್ಲಿನ ಓಟ, ಎಡಗಾಲು. ಚೆಂಡು ಕಂಬಗಳ ನಡುವೆ ಹೋದ ಕೂಡಲೇ ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಜಾತ್ರೆಯಲ್ಲಿ ತೇರಿನ ಸುತ್ತ ನುಗ್ಗುತ್ತಾರಲ್ಲ, ಹಾಗೆ. ಹಸಿರು ಹುಲ್ಲೇ ಕಾಣದಷ್ಟು ಜನ. ಬಹಳ ಹೊತ್ತು ಆಟ ನಿಂತುಹೋಯಿತು. ನಾನು ಮನೆಯಲ್ಲಿ ಟೀವಿ ಮುಂದೆ ಎದ್ದು ನಿಂತೇ ನೋಡಿದೆ.

ಇಂಥ ಆಟಗಾರ ತನಗೆ ಬೇಕಾದ ಕಡೆ ಹೋದದ್ದು ಸರಿ. ಎಂಟು ವರ್ಷ ದುಡಿದವನಿಗೆ ಆ ಹಕ್ಕು ಇರಬೇಕು. ನನ್ನ ತಕರಾರು ಹೋಗೋದರ ಬಗ್ಗೆ ಅಲ್ಲ. ಲೆಕ್ಕ ಯಾರ ತಲೆಗೆ ಅನ್ನೋದರ ಬಗ್ಗೆ.

ಸಮಯ ಓಡುತ್ತಿದೆ, ಗಾಜಿನ ಆಚೆಯಿಂದ ಕೈ ಸನ್ನೆಯೂ ಬಂತು. ಬೇಗ ಬೇಗ ಹೇಳುತ್ತೇನೆ.

ಹಕ್ಕಿನ ವಿಷಯ ಹೊಸದೇನಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಹತ್ತು ವರ್ಷ ಆಡಿದವರು ಕ್ಲಬ್ ಬದಲಿಸಬಹುದು ಅನ್ನುವ ನಿಯಮ ಬಂದಿತ್ತು. ನಾರ್ತ್ ಮೆಲ್ಬರ್ನ್ ಒಂದೇ ಏಟಿಗೆ ಡಗ್ ವೇಡ್, ಬ್ಯಾರಿ ಡೇವಿಸ್, ಜಾನ್ ರಾಂಟಲ್ ಮೂವರನ್ನೂ ಕರೆದುಕೊಂಡಿತು. ಬೇರೆ ಕ್ಲಬ್‌ಗಳು ಬೆಚ್ಚಿಬಿದ್ದವು, 1973ರಲ್ಲೇ ನಿಯಮ ರದ್ದು. 1975ರಲ್ಲಿ ಡೇವಿಸ್ ನಾಯಕತ್ವದಲ್ಲಿ ನಾರ್ತ್ ತನ್ನ ಮೊದಲ ಕಪ್ ಗೆದ್ದಿತು. ಸಾವಿರ ಗೋಲು ದಾಟಿದವರು ಈ ಲೀಗ್‌ನಲ್ಲಿ ಆರೇ ಜನ, ಅದರಲ್ಲಿ ವೇಡ್ ಒಬ್ಬ, ಫ್ರಾಂಕ್ಲಿನ್ ಒಬ್ಬ. ಇಬ್ಬರೂ ಇಂಥ ನಿಯಮದಿಂದಲೇ ಕ್ಲಬ್ ಬದಲಿಸಿದವರು.

ಇನ್ನೊಂದು. ಕ್ಲಬ್ಬಿನಲ್ಲಿ ಅತಿ ಹೆಚ್ಚು ಸಂಬಳದ ಗುಂಪಿನಲ್ಲಿ ಇರುವವರು ಎಂಟು ವರ್ಷಕ್ಕೆ ಪೂರ್ತಿ ಸ್ವತಂತ್ರರಲ್ಲ. ಹೊಸ ಕ್ಲಬ್ ಕೊಡುವಷ್ಟನ್ನೇ ನಾವೂ ಕೊಡುತ್ತೇವೆ ಅಂತ ಹಳೆಯ ಕ್ಲಬ್ ತಡೆಯಬಹುದು. 2020ರಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ಜೆರೆಮಿ ಕ್ಯಾಮರನ್ ವಿಷಯದಲ್ಲಿ ಹಾಗೇ ಮಾಡಿತು. ಜೀಲಾಂಗ್ ಕ್ಲಬ್ಬಿಗೆ ಅವನು ಬೇಕೇ ಬೇಕಿತ್ತು. ಮಾತುಕತೆಗೆ ಕೂತರು, ಟ್ರೇಡ್ ಆಯಿತು. ಜೀಲಾಂಗ್ ತನ್ನ ಕೈಯಿಂದ ಮೂರು ಮೊದಲ ಸುತ್ತಿನ ಸರದಿ ಕೊಟ್ಟಿತು. 2022ರಲ್ಲಿ ಕಪ್ಪನ್ನೂ ಗೆದ್ದಿತು. ನೋಡಿದಿರಾ? ಬೇಕಾದವನು ಬೆಲೆ ಕೊಟ್ಟ, ಕಳೆದುಕೊಂಡವನಿಗೆ ಬೆಲೆ ಸಿಕ್ಕಿತು, ಉಳಿದವರು ಸಾಲಿನಲ್ಲಿ ಇದ್ದಲ್ಲೇ ಇದ್ದರು. ಫ್ರಿಜ್ ಮೇಲಿನ ಹಾಳೆಯಲ್ಲಿ ನಮ್ಮ ಮಗಳು ಅಳಿಸಿದ್ದು ಆ ಸರದಿಗಳ ಮುಂದಿನ ಹೆಸರುಗಳನ್ನು ಮಾತ್ರ, ನಂಬರು ಒಂದೂ ಬದಲಾಗಲಿಲ್ಲ. ಇದೇ ನಿಯಮ ಆಗಲಿ ಅಂತ ನಾನು ಕೇಳುತ್ತಿರೋದು.

ಪರಿಹಾರ ಸಿಕ್ಕವರಿಗೆ ಅದು ದಕ್ಕಿಯೇ ಬಿಡುತ್ತದೆ ಅಂತಲೂ ಇಲ್ಲ. 2018ರಲ್ಲಿ ಟಾಮ್ ಲಿಂಚ್ ಗೋಲ್ಡ್ ಕೋಸ್ಟ್ ಬಿಟ್ಟು ರಿಚ್‌ಮಂಡ್‌ಗೆ ಹೋದಾಗ ಗೋಲ್ಡ್ ಕೋಸ್ಟ್‌ಗೂ 3ನೇ ಸರದಿ ಸಿಕ್ಕಿತ್ತು. ಅದರಲ್ಲಿ ಬಂದ ಇಜಾಕ್ ರ್‍ಯಾಂಕಿನ್ 2022ರ ಕೊನೆಗೆ ತನ್ನ ಊರು ಅಡಿಲೇಡ್‌ಗೆ ಹೊರಟುಬಿಟ್ಟ. ಲಿಂಚ್ ರಿಚ್‌ಮಂಡ್‌ನಲ್ಲಿ ಎರಡು ಕಪ್ ಗೆದ್ದ. ಆ 3ನೇ ಸರದಿಗಾಗಿ ಹಿಂದೆ ಸರಿದವರ ಹೆಜ್ಜೆ ಮಾತ್ರ ವಾಪಸ್ ಬರಲಿಲ್ಲ.

ಈ ಅಕ್ಟೋಬರ್‌ನಲ್ಲಿ ನಿಮ್ಮ ಮನೆಯಲ್ಲೂ ಒಂದು ಹಾಳೆ ಅಂಟಿಸಿ. ಕೊನೆಯ ತಂಡದಿಂದ ಶುರುಮಾಡಿ ಮಕ್ಕಳ ಕೈಯಲ್ಲಿ ಬರೆಸಿ. ಯಾರಿಗೋ ಪರಿಹಾರದ ಸರದಿ ಸಿಕ್ಕಿತು ಅಂತ ಟೀವಿಯಲ್ಲಿ ಬಂದ ಕೂಡಲೇ ಮಗುವಿನ ಕೈಗೆ ರಬ್ಬರ್ ಕೊಡಿ, ಅದರ ಕೆಳಗೆ ಇದ್ದ ಕ್ಲಬ್ ಯಾವುದು ಅಂತ ಕೇಳಿ. ಪೆನ್ಸಿಲ್ ಮೆತ್ತನೆಯದು ಇರಲಿ, ಗಟ್ಟಿ ಪೆನ್ಸಿಲ್ ಆದರೆ ಅಳಿಸುವಾಗ ಹಾಳೆ ಹರಿಯುತ್ತದೆ.

ನಮಸ್ಕಾರ.