ಟ್ರೆಂಚ್ ಹೊಡೆದ ಗುಡ್ಡವನ್ನು ಮಾಡೆಲ್‌ಗೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬೆಳೆಗಾರರೂ ಕೃಷಿ ಓದುವ ಮಕ್ಕಳೂ ಇಲ್ಲಿ ಒಟ್ಟಿಗೆ ಕೂತಿದ್ದೀರಿ. ಇಬ್ಬರಿಗೂ ಸೇರಿದ ಒಂದು ಪ್ರಶ್ನೆ ಎತ್ತಿಕೊಳ್ಳುತ್ತೇನೆ. ಮಳೆನೀರು ಇಂಗಲಿ ಅಂತ ನೀವು ಗುಡ್ಡದಲ್ಲಿ ಟ್ರೆಂಚ್ ಹೊಡೆದಿರಿ, ಬದು ಹಾಕಿದಿರಿ. ಕೆಳಗಿನ ಹಳ್ಳಕ್ಕೆ ಎಷ್ಟು ನೀರು ಕಮ್ಮಿ ಬರುತ್ತದೆ ಅಂತ ಕಂಪ್ಯೂಟರ್ ಮಾಡೆಲ್ ಲೆಕ್ಕ ಹಾಕುತ್ತದೆ. ಆ ಲೆಕ್ಕದೊಳಗೆ ನಿಮ್ಮ ಟ್ರೆಂಚ್ ಎಲ್ಲಿದೆ?

ಬಹಳಷ್ಟು ಸಲ ಅದು ಒಂದೇ ಒಂದು ಅಂಕಿಯಲ್ಲಿ ಅಡಗಿರುತ್ತದೆ. ಅದಕ್ಕೆ ಕರ್ವ್ ನಂಬರ್ ಅಂತಾರೆ. 1950ರ ದಶಕದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ ವಿಧಾನ ಇದು. ಮಣ್ಣು, ಬೆಳೆ, ಬೇಸಾಯದ ಕ್ರಮ ನೋಡಿ 100ರೊಳಗೆ ಒಂದು ಅಂಕಿ ಕೊಡುತ್ತಾರೆ. ಅಂಕಿ ದೊಡ್ಡದಾದಷ್ಟೂ ಹರಿದು ಹೋಗುವ ನೀರು ಜಾಸ್ತಿ. ಸಾಧಾರಣವಾಗಿ ನೀರು ಇಂಗುವ ಮಣ್ಣಿನಲ್ಲಿ ನೇರ ಸಾಲಿನ ಬೆಳೆಗೆ 78. ಇಳಿಜಾರಿಗೆ ಅಡ್ಡಲಾಗಿ ಸಾಲು ಹೊಡೆದರೆ 75. ಜೊತೆಗೆ ಟೆರೇಸ್, ಅಂದರೆ ಇಳಿಜಾರನ್ನು ಹಂತ ಹಂತವಾಗಿ, ಮಾಡಿದರೆ 71. ಒಂದು ದಿನ 100 ಮಿ.ಮೀ. ಮಳೆ ಬಂತು ಅನ್ನಿ. ಮೊದಲನೆಯದರಲ್ಲಿ ಸುಮಾರು 47 ಮಿ.ಮೀ. ಹರಿದು ಹೋಗುತ್ತದೆ, ಟೆರೇಸ್ ಇದ್ದರೆ 34.

ಆದರೆ ನಮ್ಮಲ್ಲಿ ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಗುಡ್ಡವೇ ನೆನೆದು ತೊಪ್ಪೆಯಾಗಿರುತ್ತದೆ. ನೆನೆದ ಮಣ್ಣಿಗೆ ಅದೇ ವಿಧಾನದಲ್ಲಿ ಬೇರೆ ಅಂಕಿ ಇದೆ. ಅದನ್ನು ಹಾಕಿದರೆ 47 ಇದ್ದದ್ದು 70 ಆಗುತ್ತದೆ, 34 ಇದ್ದದ್ದು 61. ಕಾಲು ಭಾಗಕ್ಕಿಂತ ಹೆಚ್ಚಿದ್ದ ಉಳಿತಾಯ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಜೂನ್ ಮೊದಲ ವಾರದ ಅಂಕಿಯನ್ನೇ ಜುಲೈಗೂ ಇಟ್ಟುಕೊಂಡರೆ ಪ್ರವಾಹದ ಲೆಕ್ಕ ಪೂರ್ತಿ ತಪ್ಪುತ್ತದೆ.

ಇನ್ನು ಟ್ರೆಂಚಿಗೆ ಬರೋಣ. ನಾಲ್ಕು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ. ಸಾವಿರ ಲೀಟರ್ ಹಿಡಿಯುತ್ತದೆ. ಎಕರೆಗೆ 40 ಟ್ರೆಂಚ್ ಇದ್ದರೆ 40 ಸಾವಿರ ಲೀಟರ್. ಎಕರೆ ಪೂರ್ತಿ ಹರಡಿದರೆ ಇದು ಹತ್ತು ಮಿ.ಮೀ. ಮಳೆಗೆ ಸಮ. ಆಗುಂಬೆ ಕಡೆ ಜೋರು ಮಳೆಯ ದಿನ ಇದು ಬೆಳಗಿನ ತಿಂಡಿ ಹೊತ್ತಿಗೇ ತುಂಬಿರುತ್ತದೆ. ಹಾಗಂತ ಕೆಲಸ ಮುಗಿಯಲಿಲ್ಲ. ತಳದಿಂದ ಇಂಗುತ್ತಲೇ ಇರುತ್ತದೆ, ಇಂಗಿದಷ್ಟು ಜಾಗ ಮತ್ತೆ ಸಿಗುತ್ತದೆ. ಮಳೆ ಎರಡು ದಿನ ಹೊಳವಾದರೆ ಖಾಲಿಯಾಗಿ ಮುಂದಿನ ಮಳೆಗೆ ತಯಾರು. ಇದನ್ನು 78ರಿಂದ 75 ಅಂತ ತಿದ್ದಿ ಹೇಳಲು ಆಗುವುದಿಲ್ಲ. ತುಂಬುವ, ಇಂಗಿಸುವ, ಉಕ್ಕುವ ಸಣ್ಣ ತೊಟ್ಟಿ ಅಂತಲೇ ಬರೆಯಬೇಕು. ಕೆರೆ, ಹೊಂಡಗಳನ್ನು ಹೀಗೆ ಬರೆಯುವ ಸೌಲಭ್ಯ ಸ್ವಾಟ್ (SWAT) ಎಂಬ, ಮಣ್ಣು-ನೀರಿನ ಲೆಕ್ಕ ಹಾಕುವಂಥ ಮಾಡೆಲ್‌ಗಳಲ್ಲಿ ಈಗಲೇ ಇದೆ. ಟ್ರೆಂಚಿಗೂ ಅದನ್ನೇ ಬಳಸಿ ಅಂತ ನಾನು ಒತ್ತಾಯ ಮಾಡುತ್ತೇನೆ.

ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಹೂಳಿನ ವಿಷಯ. ಮಾಡೆಲ್‌ನಲ್ಲಿ ಟ್ರೆಂಚ್ ಯಾವತ್ತೂ ನಿನ್ನೆ ತೋಡಿದಂತೆಯೇ ಇರುತ್ತದೆ. ಗುಡ್ಡಕ್ಕೆ ಹೋಗಿ ನೋಡಿ. ಮೇಲಿನ ಅಂಚು ಜರಿದಿರುತ್ತದೆ. ಒಣಗಿದ ಎಲೆಯ ದರಗು, ಕೆಂಪು ಮಣ್ಣು ಸೇರಿ ಅರ್ಧ ಮೀಟರ್ ಆಳ ಒಂದು ಗೇಣಿಗೆ ಬಂದಿರುತ್ತದೆ. ನುಣ್ಣನೆ ಮಣ್ಣು ತಳದಲ್ಲಿ ಕೂತು ಇಂಗುವುದೂ ನಿಧಾನವಾಗಿರುತ್ತದೆ. ಹೂಳು ತೆಗೆಯುವ ಮನೆಯವರ ಗುಡ್ಡಕ್ಕೂ ಕೈಬಿಟ್ಟವರ ಗುಡ್ಡಕ್ಕೂ ಒಂದೇ ಅಂಕಿ ಕೊಡುವುದು ದುಡಿದವರಿಗೆ ಮಾಡುವ ಅನ್ಯಾಯ.

ಅಡಿಕೆ ತೋಟದ ಕಾದಿಗೆಯ, ಅಂದರೆ ಸಾಲುಗಳ ನಡುವಿನ ಕಾಲುವೆಯ, ಕೆಲಸ ಬೇರೆ. ಅದು ನೀರು ಬಸಿದು ಹೊರಗೆ ಹಾಕಲಿಕ್ಕೆ ಇರುವುದು. ನಕಾಶೆಯಲ್ಲಿ ತೋಟವೂ ಹಸಿರು, ತೋಟಕ್ಕೆ ಸೊಪ್ಪು ತರುವ ಮೇಲಿನ ಸೊಪ್ಪಿನಬೆಟ್ಟವೂ ಹಸಿರು. ಎರಡಕ್ಕೂ ಒಂದೇ ಲೆಕ್ಕ ಕಟ್ಟಬೇಡಿ.

ಓದುವ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಮಳೆಗಾಲ ಮುಗಿದ ಮೇಲೆ ಒಂದೇ ಗುಡ್ಡದ ಟ್ರೆಂಚ್‌ಗಳ ಆಳ ಅಳೆಯಿರಿ. ಆಗಸ್ಟ್‌ನಲ್ಲಿ ಹಳ್ಳದ ನೀರು ಅಳೆದಷ್ಟೇ ಶ್ರದ್ಧೆಯಿಂದ ಫೆಬ್ರವರಿಯಲ್ಲೂ ಅಳೆಯಿರಿ. ಇಂಗಿದ ನೀರು ಒರತೆಯಾಗಿ ಹಳ್ಳಕ್ಕೆ ಬಂದರೆ ಗೊತ್ತಾಗುವುದು ಆಗಲೇ. ಯಾವ ವರ್ಷ ಹೂಳು ತೆಗೆದರು ಅನ್ನುವುದನ್ನು ಇಲ್ಲಿ ಕೂತಿರುವ ಬೆಳೆಗಾರರನ್ನೇ ಕೇಳಿ ಬರೆದುಕೊಳ್ಳಿ.